ತಂಡದಿಂದ ಬಿಟ್ಟವರು

ಮಧ್ವರಾಜ ರಾಯರು ಪೇಪರನ್ನು ಹೋಟೆಲಿನ ಮೇಜಿನ ಮೇಲೆ ಬಡಿದ ರಭಸಕ್ಕೆ ಬಟ್ಟಲಲ್ಲಿದ್ದ ಸಾಂಬಾರು ತುಳುಕಿತು.

"ನೋಡ್ರೀ ಭಟ್ರೇ, ಹೊರಟೇಬಿಟ್ರು! ಒಂದೂವರೆ ಲಕ್ಷ ಜನ ಬೇಡ ಅಂತ ಸಹಿ ಹಾಕಿದ್ರೂ ನ್ಯೂಜಿಲೆಂಡ್ ರಗ್ಬಿ ಟೀಮು ದಕ್ಷಿಣ ಆಫ್ರಿಕಾಕ್ಕೆ ಹೊರಟಿದೆ. ತಮ್ಮ ನೆಲದ ಮೂಲನಿವಾಸಿ ಮಾವೊರಿ ಆಟಗಾರರನ್ನೆಲ್ಲ ಮನೇಲಿ ಬಿಟ್ಟು! ಯಾಕಂದ್ರೆ ಅವರು ಬಿಳಿಯರಲ್ಲ, ದಕ್ಷಿಣ ಆಫ್ರಿಕಾದ ಬಿಳಿ ದೊರೆಗಳಿಗೆ ಆಗಲ್ಲ. ನ್ಯಾಯಮಾ ಇದು?"

ಅದು ೧೯೬೦ರ ಮೇ ತಿಂಗಳು. ರಾಯರು ಮದ್ರಾಸಿನ ಪ್ಯಾರೀಸ್ ಕಾರ್ನರಿನ ಒಂದು ಇಂಗ್ಲಿಷ್ ಕಂಪನಿಯಲ್ಲಿ ಹೆಡ್ ಕ್ಲಾರ್ಕು. ಹರೆಯದಲ್ಲಿ ಕಂಪನಿಯ ಸಾಹೇಬರು ಐಲೆಂಡ್ ಮೈದಾನದಲ್ಲಿ ರಗ್ಬಿ ಆಡುವುದನ್ನು ಬೇಲಿಯ ಆಚೆ ನಿಂತು ನೋಡಿ ಮರುಳಾದವರು. ಹೋಟೆಲಿನ ಯಜಮಾನರಾದ ಸೀತಾರಾಮ ಭಟ್ಟರು ಆ ಆಟವನ್ನು ಕಣ್ಣಾರೆ ಕಂಡವರೇ ಅಲ್ಲ. ಆದರೆ ಹತ್ತು ವರ್ಷ ರಾಯರ ಬಾಯಲ್ಲಿ ಕೇಳಿ ಕೇಳಿ, ರಾಯರು ನ್ಯೂಜಿಲೆಂಡಿನ ಕಡೆ ಎಂಬ ಒಂದೇ ಕಾರಣಕ್ಕೆ ತಾವು ದಕ್ಷಿಣ ಆಫ್ರಿಕಾದ ಕಡೆಯಾಗಿದ್ದರು. ವಾದ ಮಾಡದಿದ್ದರೆ ಇಬ್ಬರಿಗೂ ಸಂಜೆಯ ಕಾಫಿ ರುಚಿಸುತ್ತಿರಲಿಲ್ಲ.

"ಅಲ್ಲ ಮಾರಾಯ್ರೇ," ಎಂದರು ಭಟ್ಟರು, "ಕರೆದವರು ಅವರು, ಮನೆ ಅವರದ್ದು. ಅವರ ಕ್ರಮಕ್ಕೆ ಸರಿಯಾಗಿ ಹೋಗ್ಬೇಕಲ್ವಾ? ಹದಿನೈದು ಜನ ಆಡುವ ಆಟ. ನಾಲ್ಕು ಜನ ಬರದಿದ್ರೆ ಆಟ ನಿಲ್ತದಾ?"

"ಆಟ ನಿಲ್ಲಲ್ಲ ರೀ, ಮಾನ ಹೋಗತ್ತೆ. ಜೊತೆಲಿ ಬೆವರು ಸುರಿಸಿದೋನನ್ನ ಬಿಟ್ಟು ಹೋದ ಟೀಮು ಗೆದ್ರೂ ಸೋತಂತೆ ದಾನ್!"

ತಮಿಳು ಬೆರೆತ ತಮ್ಮ ಕನ್ನಡದಲ್ಲಿ ಇಷ್ಟು ಹೇಳಿ ರಾಯರು ವಡೆ ಮುರಿದು ಬಾಯಿಗಿಟ್ಟುಕೊಂಡರು. ಸಿಟ್ಟು ಅರ್ಧ ಇಳಿಯಿತು. ಬರುವ ಶುಕ್ರವಾರ ತಿರುವಲ್ಲಿಕ್ಕೇಣಿಯ ಮನೆಯಲ್ಲಿ ಮಗನ ಮುಂಜಿ. ಅಡಿಗೆ ಭಟ್ಟರ ಹೋಟೆಲಿನವರದೇ ಎಂದು ಆಗಲೇ ಮಾತಾಗಿತ್ತು.

"ಭಟ್ರೇ, ಈ ಹಿಟ್ಟು ರುಬ್ಬೋದು ಯಾರು? ಮುಂಜಿಗೆ ಅವರು ಬರಲೇಬೇಕು. ಕರೀರಿ, ನಾನೇ ಹೇಳ್ತೀನಿ."

"ನಾನು ಹೇಳ್ತೇನೆ ಬಿಡಿ," ಎಂದರು ಭಟ್ಟರು ಅವಸರದಲ್ಲಿ. ರಾಯರು ಕೇಳಬೇಕಲ್ಲ! "ಯಾರಪ್ಪಾ ಅದು ಹಿಟ್ಟು ರುಬ್ಬೋರು, ಸ್ವಲ್ಪ ಬನ್ನಿ ಇಲ್ಲಿ," ಎಂದು ರಾಯರು ತಾವೇ ಕೂಗಿದರು.

ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಐತ ಬಂದ. ನಲವತ್ತು ದಾಟಿದ ಆಳು. ಹದಿನಾಲ್ಕು ವರ್ಷ ಒರಳಿನ ಮುಂದೆ ಕೂತವನನ್ನು ಗಿರಾಕಿಯೊಬ್ಬರು ಹೊರಗೆ ಕರೆದದ್ದು ಇದೇ ಮೊದಲು. ಅವನ ಮುಖದಲ್ಲಿ ಸಂತೋಷ ಎದ್ದು ಕಾಣುತ್ತಿತ್ತು.

"ನೀವೇನಾ? ಅಮೃತ ಇದೆ ರೀ ನಿಮ್ಮ ಕೈಲಿ! ನಮ್ಮ ಮನೆ ಮುಂಜಿಗೆ ನೀವೇ ಬಂದು ರುಬ್ಬಬೇಕು. ಭಟ್ರ ಸಂಬಂಧದೋರಾ? ಯಾವ ಗೋತ್ರ?"

ಉಡುಪಿ ಎಂದು ಬೋರ್ಡು ಹಾಕಿದ ಮೇಲೆ ಒಳಗಿರುವವರೆಲ್ಲ ಜನಿವಾರದವರೇ ಎಂಬುದು ರಾಯರ ನಂಬಿಕೆ. ಆ ಧೈರ್ಯದ ಮೇಲೆಯೇ ಅವರು ಹತ್ತು ವರ್ಷ ಅಲ್ಲಿ ತಿಂದದ್ದು. ಭಟ್ಟರು ಸುಮ್ಮನೆ ಕೆಮ್ಮಿದರು.

"ಗೋತ್ರ ಎಲ್ಲ ನಮಗಿಲ್ಲ ಸ್ವಾಮಿ. ನಾನು ಐತ ಅಂತ. ಅಪ್ಪ ಊರಲ್ಲಿ ಶೇಂದಿ ಇಳಿಸ್ತಿದ್ದ. ಮುಂಜಿಗೆ ಖಂಡಿತ ಬರ್ತೇನೆ. ಎಷ್ಟು ಸೇರು ಉದ್ದು ನೆನೆಹಾಕ್ಬೇಕು, ಹೇಳಿ."

ರಾಯರ ಕೈ ತಟ್ಟೆಯಲ್ಲೇ ನಿಂತಿತು. ಉಳಿದ ಅರ್ಧ ವಡೆಯನ್ನು ನೋಡಿದರು, ಐತನನ್ನು ನೋಡಿದರು. "ಆಗ್ಲಿ, ಆಗ್ಲಿ. ಭಟ್ರ ಹತ್ರ ಹೇಳ್ತೀನಿ," ಎಂದರು. ಐತ ತಲೆಯಾಡಿಸಿ ಒಳಬಾಗಿಲ ಕಡೆ ತಿರುಗಿದ.

ರಾಯರು ದನಿ ತಗ್ಗಿಸಿದರು. "ಭಟ್ರೇ, ತಪ್ಪು ತಿಳೀಬೇಡಿ. ನನಗೇನೂ ಇಲ್ಲ. ಆದ್ರೆ ಮನೇಲಿ ಮಡಿ. ಸೋದರತ್ತೆ ರಮಾಬಾಯಿ ಬಂದಿದಾರೆ, ಆಚಾರ್ಯರು ಬರ್ತಾರೆ. ಮನೆ ಕ್ರಮ ಅಂತ ಒಂದು ಇದೆಯಲ್ಲ. ಉಳಿದೋರೆಲ್ಲ ಬರಲಿ, ಇವನೊಬ್ಬ ಬೇಡ. ನೀವೇ ಹ್ಯಾಗಾದ್ರೂ ಸಮಾಧಾನವಾಗಿ ಹೇಳಿಬಿಡಿ."

ಭಟ್ಟರು ವಾದದಲ್ಲಿ ಗೆದ್ದಿದ್ದರು. ಹತ್ತು ವರ್ಷದಲ್ಲಿ ಮೊದಲ ಸಲ ರಾಯರು ಅವರ ಮಾತನ್ನೇ ಆಡಿದ್ದರು. ಆದರೆ ಅವರಿಗೆ ನಗು ಬರಲಿಲ್ಲ, ನಾಚಿಕೆಯಾಯಿತು. ರುಬ್ಬುವ ಕೆಲಸಕ್ಕೆ ತಮ್ಮ ಜಾತಿಯವರು ಯಾರೂ ನಿಲ್ಲುವುದಿಲ್ಲವೆಂದು ಐತನನ್ನು ಊರಿನಿಂದ ಕರೆತಂದವರು ಅವರೇ. ಅವನನ್ನು ಒರಳಿನಿಂದ ಒಲೆಯ ಕಡೆಗೆ ಒಂದು ಹೆಜ್ಜೆ ಬಿಡದವರೂ ಅವರೇ.

"ನಾನು ಹೇಗೆ ಹೇಳ್ಲಿ ಮಾರಾಯ್ರೇ? ಕರೆದವರು ನೀವು," ಎಂದರು.

"ನನ್ನ ಕೈಲಾಗಲ್ಲ ರೀ. ಅವನ ಮುಖ ನೋಡಿದ್ರಲ್ಲ!"

ಆಗ ಬಾಗಿಲ ಹತ್ತಿರ ಯಾರೋ ಅಲುಗಾಡಿದಂತಾಯಿತು. ಐತ ಒಳಗೆ ಹೋಗಿರಲೇ ಇಲ್ಲ. ಉದ್ದಿನ ಲೆಕ್ಕ ಹೇಳುತ್ತಾರೆಂದು ಅಲ್ಲೇ ಕಾದು ನಿಂತಿದ್ದ.

"ಸ್ವಾಮಿ, ಒಂದು ಕೇಳ್ತೇನೆ," ಎಂದ ರಾಯರಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಆಗ ನೀವು ಹೇಳಿದ, ಮನೆಯಲ್ಲಿ ಬಿಟ್ಟ ಆ ಆಟಗಾರರು ಉಂಟಲ್ಲ, ಅವರಿಗೆ ಯಾರಾದ್ರೂ ಮುಖ ನೋಡಿ ಹೇಳಿದ್ರಾ? ಅಲ್ಲದಿದ್ರೆ ಅವರೂ ಹೀಗೆ ಬಾಗಿಲ ಹಿಂದೆ ನಿಂತೇ ಕೇಳಿಸಿಕೊಂಡದ್ದಾ?"