ಮೊದಲು ನೀನು

ಹಯಗ್ರೀವ ಮಾತ್ರೆಯನ್ನು ನಾಲಗೆಯ ಅಡಿಯಿಂದ ದವಡೆಗೆ ತಳ್ಳಿಕೊಂಡು, ಹಿತ್ತಲಿಗೆ ಬಂದು ಕ್ರೋಟನ್ ಕುಂಡಕ್ಕೆ ಉಗಿದರು. ಕಾಂಪೌಂಡಿನಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ಶಾಂತಕುಮಾರಿ ಅದನ್ನು ನೋಡಿದರು.

ಇಂದಿರಾನಗರದ ಆ ವಿಮಾ ನೌಕರರ ಕಾಲೊನಿಯಲ್ಲಿ ಅವರಿಗೆ ‘ಬಿ.ಪಿ. ಹಯಗ್ರೀವ’ ಎಂದೇ ಹೆಸರು. ಮಾತ್ರೆ ತಪ್ಪಿಸಿದರೆ ಲಕ್ವ ಹೊಡೆಯುತ್ತದೆ ಎಂದು ಹಲಸೂರಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಆದರೂ ದಿನಾ ಬೆಳಗ್ಗೆ ಅದೇ ರಂಪ. ಹೆಂಡತಿ ಸೀತಾಲಕ್ಷ್ಮಿ ನೀರಿನ ಲೋಟ ಹಿಡಿದು ನಿಲ್ಲಬೇಕು. ಇವರು ಮಾತ್ರೆಯನ್ನು ವಿಷವೆಂಬಂತೆ ನೋಡಬೇಕು.

“ಮೊದಲು ನೀನು ತಗೋ. ಆಮೇಲೆ ನಾನು.”

“ಏನ್ರೀ, ಒಳ್ಳೇ ಮಗು ಥರ,” ಎಂದು ಗೊಣಗುತ್ತಲೇ ಆಕೆ ಅದೇ ಸ್ಟ್ರಿಪ್ಪಿನಿಂದ ಒಂದನ್ನು ಬಿಡಿಸಿ ನುಂಗುತ್ತಿದ್ದರು. ಗಂಡನ ಆಯಸ್ಸಿಗೆಂದು ವರ್ಷವರ್ಷವೂ ಭೀಮನ ಅಮಾವಾಸ್ಯೆ ಮಾಡುವವರಿಗೆ ಇದೊಂದು ಮಾತ್ರೆ ಯಾವ ಲೆಕ್ಕ? ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ; ಮಾತ್ರೆಯನ್ನೂ, ಬೈಗುಳವನ್ನೂ. ಹಯಗ್ರೀವರಿಗೆ ಬೈಗುಳ ಈಗ ಫ್ಯಾನಿನ ಸದ್ದಿನ ಹಾಗೆ. ಕೇಳಿಸುವುದೇ ನಿಂತಿತ್ತು.

ಅವತ್ತು ಅವರು ಹೊರಗೆ ಹೊರಟಾಗ ಶಾಂತಕುಮಾರಿ ಗೇಟಿನಲ್ಲೇ ಅಡ್ಡಹಾಕಿದರು. “ಯಾರಿಗೆ ಸಾರ್ ಮೋಸ ಮಾಡ್ತಿದೀರಿ?”

“ಮನೆಯವಳಿಗೆ.” ದನಿಯಲ್ಲಿ ನಾಚಿಕೆಯೂ ಇರಲಿಲ್ಲ, ಭಯವೂ ಇರಲಿಲ್ಲ. “ಅವಳಿಗೆ ಹೇಳ್ಬೇಡಿ. ಹೇಳಿದ್ರೆ ಜೀವಕ್ಕೇ ಅಪಾಯ.”

ಹೆಂಡತಿಯ ಕೋಪವನ್ನು ತಮಾಷೆ ಮಾಡುತ್ತಿದ್ದಾರೆಂದು ಶಾಂತಕುಮಾರಿಗೆ ಸಿಟ್ಟೇ ಬಂತು. ಡಾಕ್ಟರ ಮುಂದೆ ಒಪ್ಪಿಕೊಳ್ಳಬೇಕು, ಇಲ್ಲವಾದರೆ ತಾವೇ ಆಕೆಗೆ ಹೇಳುವುದಾಗಿ ಗದರಿದರು. ಶನಿವಾರ ದಂಪತಿಗಳು ತಪಾಸಣೆಗೆ ಹೊರಟಾಗ ತಾವೂ ಆಟೊ ಹತ್ತಿ ಕೂತರು.

ಕ್ಲಿನಿಕ್ಕಿನಲ್ಲೂ ಅದೇ ನಾಟಕ. ಮೊದಲು ಹೆಂಡತಿಯ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಬೇಕು, ಆಮೇಲೆ ಇವರದು. ಎರಡೂ ಚೆನ್ನಾಗಿವೆ ಎಂದರು ಡಾಕ್ಟರು. ಸೀತಾಲಕ್ಷ್ಮಿ ದೇವರಿಗೆ ಕೈಮುಗಿದು ಆಟೊ ಹಿಡಿಯಲು ಹೋದರು.

ಅವರು ಬಾಗಿಲು ದಾಟಿದ್ದೇ ತಡ, ಶಾಂತಕುಮಾರಿ ಎಲ್ಲವನ್ನೂ ಹೇಳಿಬಿಟ್ಟರು. ಏನೂ ಇಲ್ಲದ ಹೆಂಗಸು ದಿನಾ ಬಿ.ಪಿ. ಮಾತ್ರೆ ನುಂಗುತ್ತಿದ್ದಾರೆ, ನುಂಗಬೇಕಾದವರು ಕ್ರೋಟನ್ ಗಿಡಕ್ಕೆ ತಿನ್ನಿಸುತ್ತಿದ್ದಾರೆ, ಇದು ನ್ಯಾಯವೇ?

ಡಾಕ್ಟರು ಬರೆಯುವುದನ್ನು ನಿಲ್ಲಿಸಲಿಲ್ಲ. “ಉಗೀಲಿ ಬಿಡಿ.”

“ನಂಗೆ ಬಿ.ಪಿ. ಯಾವತ್ತೂ ಇರ್ಲಿಲ್ಲಮ್ಮ,” ಎಂದರು ಹಯಗ್ರೀವ, ಚಪ್ಪಲಿ ಮೆಟ್ಟಿಕೊಳ್ಳುತ್ತ. “ಇರೋದು ಅವಳಿಗೆ. ‘ನಿಂಗೆ’ ಅಂತ ತಂದುಕೊಟ್ಟಾಗ ಒಂದು ದಿನಾನೂ ನುಂಗ್ಲಿಲ್ಲ.”