ಮನೆ ಬಳಕೆಗೆ ಮಾತ್ರ

ಅವತ್ತು ಭಾನುವಾರ ಬೆಳಿಗ್ಗೆ ನಂದಾಳ ಕಂಪ್ಯೂಟರು ಕಟಕಟ ಸದ್ದು ಮಾಡಿ, ಎರಡು ಸಲ ಮುನಿಸಿಕೊಂಡು, ಅಂತೂ ಚಾಲೂ ಆಯಿತು. ರೊಟ್ಟಿ ಹಿಟ್ಟು ಮೆತ್ತಿದ ಕೈಯಲ್ಲೇ ಅವಳು ಅದಕ್ಕೆ ನಮಸ್ಕಾರ ಮಾಡಿದಳು. ತಿಕೋಟಾ ಸುತ್ತಲಿನ ಬೆಳೆಗಾರರು ಒಣದ್ರಾಕ್ಷಿ ತುಂಬಿ ಕಳಿಸುವ ಬಾಕ್ಸುಗಳ ಮೇಲಿನ ಗೊಂಚಲು, ಎಲೆ, ದಪ್ಪಕ್ಷರದ ಹೆಸರು ಎಲ್ಲ ಅವಳ ಕೈಯದ್ದೇ. ಎಲ್ಲವೂ ಆ ಕಂಪ್ಯೂಟರಿನ ಒಂದೇ ಡಿಸ್ಕಿನೊಳಗಿದ್ದವು. ಅದು ಕೈಕೊಟ್ಟರೆ ಇಷ್ಟು ವರ್ಷದ ಕೆಲಸ ಹಂಗಾಮಿನ ನಟ್ಟನಡುವೆ ನೀರಿನಲ್ಲಿ ಹೋಮ ಮಾಡಿದಂತೆ.

ಗಂಡ ಚೇತನಕುಮಾರ ಊರಿನ ಕೋಲ್ಡ್ ಸ್ಟೋರೇಜಿನಲ್ಲಿ ಮ್ಯಾನೇಜರ. ಹೋದ ವರ್ಷ ಇದೇ ಸದ್ದು ಬಂದಾಗ ಅವನು ಎಲ್ಲವನ್ನೂ ಅದೇ ಡಿಸ್ಕಿನ ಇನ್ನೊಂದು ಭಾಗಕ್ಕೆ ಕಾಪಿ ಮಾಡಿ, ಇನ್ನು ಚಿಂತಿಯಿಲ್ಲ ಎಂದು ಎದೆ ತಟ್ಟಿಕೊಂಡಿದ್ದ. ಉರಿಯುವ ಮನೆಯಲ್ಲಿ ಪಡಸಾಲೆಯ ಗಂಟನ್ನು ಅಡಿಗೆಮನೆಗೆ ಸಾಗಿಸಿದ ಹಾಗಿತ್ತು ಅವನ ಜಾಣತನ. ಈ ಸಲ ಬುದ್ಧಿ ಬಂದು, ಬಸ್ಸು ಹತ್ತಿ ವಿಜಯಪುರಕ್ಕೆ ಹೋಗಿ, ಮಧ್ಯಾಹ್ನಕ್ಕೆ ಬೇರೆಯೇ ಒಂದು ಡಿಸ್ಕು ತಂದ. ಊಟ ಮುಗಿಸಿ, ಬ್ಯಾಕಪ್ ಮಾಡಿಕೊಡುವ ಪುಕ್ಕಟೆ ಸಾಫ್ಟ್‌ವೇರು ಹುಡುಕುತ್ತ ಕೂತ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಪೈಕಿ ಅವನು.

ಕಡೆಗೆ ಎರಡು ಉಳಿದವು. ಒಂದು ತಾನೇ ಹೊತ್ತು ನೋಡಿಕೊಂಡು ದಿನವೂ ಕಾಪಿ ತೆಗೆಯುತ್ತದೆ, ಆದರೆ ಮನೆ ಬಳಕೆಗೆ ಮಾತ್ರ ಪುಕ್ಕಟೆ. ಇನ್ನೊಂದು ವ್ಯಾಪಾರಕ್ಕೂ ಪುಕ್ಕಟೆ, ಆದರೆ ಮಹಾ ಮೊಂಡ. ದಿನಾ ಸಂಜೆ ನಾವೇ ಕೂತು ಮಾಡಿಸಬೇಕು.

"ಮನೀದು ಅಂತ ಒತ್ತಿಬಿಡ್ತೀನಿ" ಎಂದ ಚೇತನಕುಮಾರ.

"ಅದು ಮನೀದಲ್ಲಲ್ರೀ."

"ದೇವರ ಮನಿ ಬಾಜೂಕ ಐತಿ ಕಂಪ್ಯೂಟರು. ಒಲಿ ಮ್ಯಾಲೆ ಹಾಲಿಟ್ಟು ಬಂದು ಕೆಲಸ ಮಾಡ್ತಿ. ಬೋರ್ಡಿಲ್ಲ, ಗಲ್ಲಾ ಇಲ್ಲ. ಇದು ಮನಿ ಅಲ್ಲದ ಮತ್ತೇನು? ಯಾರು ನೋಡಾಕ ಬರ್ತಾರ?"

ಅವನು ನಗುತ್ತಲೇ ಅಂದಿದ್ದ. ನಂದಾಳಿಗೆ ಮಾತ್ರ ಆ ಮಾತು ಚುಚ್ಚಿತು. ಬೆಳೆಗಾರರು ಮಾಲು ಇಡಲು ಬಂದಾಗ ಅವನ ಮೇಜಿನ ಮುಂದೆಯೇ ನಿಂತು, "ಚೇತನಣ್ಣ, ನಮಗೂ ಒಂದು ಛಲೋ ಬಾಕ್ಸ ಮಾಡಿಕೊಡ್ರಿ" ಎನ್ನುವರು. ಅವನು ಹೂಂ ಎನ್ನುವನು. ಮನೆಗೆ ಬಂದು ಇವಳಿಗೆ ಹೇಳುವನು, ಇವಳು ಮಾಡುವಳು, ಮರುದಿನ ಅವನು ಒಯ್ದು ಕೊಡುವನು. ಹಾಗೇ ರೂಢಿಯಾಗಿ, ಬಬಲೇಶ್ವರದ ತನಕ ಅವಕ್ಕೆ ಚೇತನಣ್ಣನ ಬಾಕ್ಸು ಎಂದೇ ಹೆಸರು ಬಿದ್ದಿತ್ತು. ತಾನು ಮಾಡಿದ್ದೆಂದು ಅವನು ಯಾವತ್ತೂ ಹೇಳಿಕೊಂಡವನಲ್ಲ. ತನ್ನದಲ್ಲ ಎಂದೂ ಹೇಳಿದವನಲ್ಲ.

"ಬೋರ್ಡಿಲ್ಲ ಅಂತನ ಮಂದಿ ನಿಮ್ಮ ಹೆಸರು ಹೇಳ್ತಾರ್ರಿ" ಎಂದಳು ನಂದಾ. ದನಿ ಏರಿಸಲಿಲ್ಲ. "ನೀವೂ ಮನೀದು ಅಂದ್ರ, ನಾ ಮಾಡಿದ್ದಕ್ಕ ಕೆಲಸ ಅಂತ ಯಾರು ಅನ್ನಬೇಕು? ಆ ಮೊಂಡಂದನ ಹಾಕ್ರಿ. ದಿನಾ ಸಂಜಿಕ ನಾ ಕುಂತು ಮಾಡ್ತೀನಿ."

ಚೇತನಕುಮಾರನ ನಗು ಅಲ್ಲಿಗೇ ನಿಂತಿತು. ವ್ಯಾಪಾರದ ಸಾಫ್ಟ್‌ವೇರನ್ನೇ ಇಳಿಸಿದ. ಅದು ಮೊದಲಿಗೇ ಮಾಲಕರ ಹೆಸರು ಕೇಳಿತು. ಅವನ ಬೆರಳುಗಳು ರೂಢಿಯಂತೆ ತನ್ನ ಹೆಸರನ್ನು ಅರ್ಧ ಒತ್ತಿಬಿಟ್ಟವು. ನೋಡಿಕೊಂಡು ನಾಚಿದ. ಅಳಿಸಿ, ಕುರ್ಚಿ ಬಿಟ್ಟು ಎದ್ದ.

"ನೀನ ಬರಿ" ಎಂದ.

ನಂದಾ ಕೂತಳು. ಸುತ್ತಲ ಹಳ್ಳಿಯವರ ಹೆಸರನ್ನೆಲ್ಲ ಬಳ್ಳಿ ಸುತ್ತಿ, ಬಂಗಾರದ ಬಣ್ಣ ತುಂಬಿ ಬರೆದವಳು ತನ್ನ ಹೆಸರಿನ ಎರಡಕ್ಷರದ ಕೀಲಿಗಳನ್ನು ಹುಡುಕಿದಳು. ಒತ್ತಿದಳು. ಹೊಸ ಡಿಸ್ಕಿನ ದೀಪ ಮಿಣಮಿಣ ಎನ್ನತೊಡಗಿತು. ಅವಳಿಗೆ ಸಂತೋಷವಾಗಿತ್ತು, ಅದನ್ನು ಎಲ್ಲಿಡಬೇಕೆಂದು ಮಾತ್ರ ತಿಳಿಯಲಿಲ್ಲ.

ಅಷ್ಟರಲ್ಲಿ ಹೊರಗೆ ಬೈಕು ನಿಂತ ಸದ್ದು. ಕಳ್ಳಕವಟಗಿಯ ಗೈಬುಸಾಬ, ಹಳೇ ಗಿರಾಕಿ. ಹಿಂದಿನ ಹಂಗಾಮುಗಳಲ್ಲೆಲ್ಲ ಕೋಲ್ಡ್ ಸ್ಟೋರೇಜಿನಲ್ಲೇ ಬಾಕ್ಸಿನ ಮಾತು ಮುಗಿಸುತ್ತಿದ್ದವನು ಇವತ್ತು ರಜೆಯೆಂದು ಮನೆಗೇ ಬಂದಿದ್ದ.

"ಚೇತನಪ್ಪ, ಈ ಸಲ ನಮ್ಮ ಬಾಕ್ಸ ಜರಾ ಬ್ಯಾರೆ ನಮೂನಿ ಆಗಬೇಕು ನೋಡಪ್ಪ" ಎಂದ ಬಾಗಿಲಲ್ಲೇ.

ಚೇತನಕುಮಾರ ಹೂಂ ಎನ್ನಲು ಹೋಗಿ ತಡೆದುಕೊಂಡ. "ನನ್ನ ಕೇಳಬ್ಯಾಡ್ರಿ ಕಾಕಾ. ಮಾಲಕರನ್ನ ಕೇಳ್ರಿ. ಒಳಗ ಕುಂತಾರ, ಹೋಗ್ರಿ."

ಮಾಲಕರು ಎಂದ ಕೂಡಲೇ ಗೈಬುಸಾಬ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, ಚಪ್ಪಲಿ ಕಳಚಿ, ಭಯಭಕ್ತಿಯಿಂದ ಒಳಗೆ ಬಂದ. ಕಂಪ್ಯೂಟರಿನ ಮುಂದೆ ಕೂತಿದ್ದ ನಂದಾಳನ್ನು ನೋಡಿದ. ಅವಳನ್ನು ದಾಟಿ ಅಡಿಗೆಮನೆಯ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ. ಆಮೇಲೆ ಬಲು ಮೆಲ್ಲಗೆ ಅವಳನ್ನೇ ಕೇಳಿದ:

"ಮಾಲಕರು ಎಲ್ಲಿ ಹೋದ್ರವ್ವ? ನಾ ಬೇಕಾರ ಹೊರಗ ಕುಂದರ್ತೀನಿ."