ಗೆದ್ದವನ ಮನೆಯ ಗೋಡೆ

ಗೆದ್ದವರು ಸೋತವರ ಮನೆಯಲ್ಲಿ, ಸೋತವರು ಗೆದ್ದವರ ಮನೆಯಲ್ಲಿ ಮುಂದಿನ ಚುನಾವಣೆಯವರೆಗೆ ಬಾಳುವುದು ಇಂಗ್ಲೆಂಡಿನಲ್ಲಿ ಅಜ್ಜಂದಿರ ಕಾಲದ ಪದ್ಧತಿ. ಏಳು ಸಲ ಗೆದ್ದ ವಿನಿಫ್ರೆಡ್ ಹೇಲಂ ಏಳು ಎದುರಾಳಿಗಳ ಒಲೆಯ ಮೇಲೆ ಚಹಾ ಕಾಸಿದ್ದಳು. ಎಂಟನೆಯ ಸಲ ಸೋತಳು.

ಎಣಿಕೆ ಮುಗಿದ ಬೆಳಿಗ್ಗೆ, ಗೆದ್ದ ಡೆಸ್ಮಂಡ್ ತನ್ನ ಮನೆಯ ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟ.

"ದಾರಿ ನಿಮಗೆ ಗೊತ್ತಲ್ಲ ಮೇಡಂ. ಮೊಟ್ಟಮೊದಲು ನೀವು ಸೋಲಿಸಿದ್ದು ನಮ್ಮ ತಾತನ್ನೇ."

ವಿನಿಫ್ರೆಡ್‌ಗೆ ಕುತೂಹಲ ತಡೆಯಲಾಗಲಿಲ್ಲ. "ಅಡುಗೆಮನೆ ಗೋಡೆ ಒದ್ದೆಯಾಗ್ತಿತ್ತಲ್ಲ, ಈಗ ಹೇಗಿದೆ?"

"ನೀವೇ ಹೋಗಿ ನೋಡಿ."

ಮೂವತ್ತು ವರ್ಷದ ಹಿಂದೆ ಆ ಒದ್ದೆ ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಇಸವಿ ಬರೆದಿಟ್ಟು, ಇದನ್ನು ಇನ್ನೊಂದು ಇಂಚು ಬೆಳೆಯಲು ಬಿಡೆನೆಂದು ಅವಳು ಪಾರ್ಲಿಮೆಂಟಿನಲ್ಲಿ ಮೊದಲ ಭಾಷಣ ಮಾಡಿದ್ದಳು. ಊರೆಲ್ಲ ಚಪ್ಪಾಳೆ ತಟ್ಟಿತ್ತು. ಆಮೇಲೆ ಮಂತ್ರಿಯಾದಳು, ಮರೆತಳು.

ಕೋಟು ಕೂಡ ಬಿಚ್ಚದೆ ನೇರ ಅಡುಗೆಮನೆಗೆ ನಡೆದಳು. ಅವಳ ಗೆರೆಯ ಹೊರಗೆ ಇನ್ನೂ ಆರು ಗೆರೆಗಳಿದ್ದವು, ಪ್ರತಿ ಚುನಾವಣೆಗೊಂದು. ಪಕ್ಕದಲ್ಲಿ ತಾತ ಬರೆದ ಇಸವಿಗಳು. ಕೊನೆಯೆರಡು ಮೊಮ್ಮಗನ ಕೈಬರಹ. ಒದ್ದೆ ಅವನ್ನೂ ದಾಟಿ ಕಿಟಕಿ ಮುಟ್ಟಿತ್ತು. ಕಿಟಕಿಯ ಕಟ್ಟೆಯ ಮೇಲೆ ಯಾರೋ ಪೆನ್ಸಿಲೊಂದನ್ನು ಚೂಪು ಮಾಡಿಟ್ಟಿದ್ದರು.

ವಿನಿಫ್ರೆಡ್ ಕನ್ನಡಕ ಏರಿಸಿಕೊಂಡು ಎಂಟನೆಯ ಗೆರೆ ಎಳೆದಳು.